ದುರಸ್ತಿಗೆ ಒಯ್ದ ಯಂತ್ರ

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಹಾಲು ಕಾಯಲಿಟ್ಟು, ಅಭ್ಯಾಸಬಲದಿಂದ ಆಕೆ ರೇಡಿಯೊ ಹಚ್ಚಿದಳು. ಏಳು ಗಂಟೆಯ ವಾರ್ತೆಯನ್ನು ಸತ್ತ ಗಂಡನೇ ಓದುತ್ತಿದ್ದ.

"ಇಂದು ಮುಂಜಾನೆ ಮಂತ್ರಿಗಳು ಹೊಸ ಸೇತುವೆಯನ್ನು ಉದ್ಘಾಟಿಸಿದರು. ಜನರ ಹರ್ಷಕ್ಕೆ ಪಾರವೇ ಇರಲಿಲ್ಲ."

ಹಾಲು ಉಕ್ಕಿ ಒಲೆಯನ್ನೆಲ್ಲ ತೊಳೆಯಿತು.

ಬಾಗಿಲು ತಟ್ಟಿದ್ದು ಮೇಲಿನ ಮನೆಯ ಅಜ್ಜಿ; ಹಿಂದೆ ಎದುರುಮನೆಯ ನಿವೃತ್ತ ಮೇಷ್ಟ್ರು. ಸತ್ತವನು ಮಾತಾಡಿದ್ದು ಅಜ್ಜಿಗೆ ಅಷ್ಟೇನೂ ದೊಡ್ಡದೆನಿಸಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟು ಭುಜ ನೋಯಿಸಿಕೊಂಡ ತನ್ನ ಮಗನಿಗೆ ಮೋಸವಾಯಿತೇ ಎಂಬುದಷ್ಟೇ ಚಿಂತೆ. ಮೇಷ್ಟ್ರ ತಕರಾರು ಬೇರೆ. ಅವರ ಕಿಟಕಿಯಿಂದ ಸೇತುವೆ ಕಾಣುತ್ತದೆ. ಅಲ್ಲಿ ಮಂತ್ರಿಯೂ ಇಲ್ಲ, ಹರ್ಷವೂ ಇಲ್ಲ. ಲಾರಿಯಿಂದ ಇನ್ನೂ ಕುರ್ಚಿ ಇಳಿಸುತ್ತಿದ್ದಾರೆ.

"ಬದುಕಿದ್ದಾಗ ಒಂದು ಸುಳ್ಳೂ ಓದಿದವನಲ್ಲ," ಎಂದರು. "ಈಗ ಬೀದಿಯೆಲ್ಲ ನಗ್ತಿದೆ ಕಣಮ್ಮ."

ಐದು ದಿನದಿಂದ ಮರಗಟ್ಟಿದ್ದ ಮೈಗೆ ಆ ಮಾತು ಚುರುಕು ಮುಟ್ಟಿಸಿತು. ಹನ್ನೆರಡಕ್ಕೆ ಅದೇ ವಾರ್ತೆ ಮತ್ತೆ ಬರುತ್ತದೆ. ಅಷ್ಟರೊಳಗೆ ನಿಲ್ಲಿಸಬೇಕೆಂದು ಬಾನುಲಿ ಕೇಂದ್ರಕ್ಕೆ ಓಡಿದಳು.

ನಿರ್ದೇಶಕರು ಎದ್ದು ನಿಂತು ಸಂತಾಪ ಹೇಳಿದರು, ಚಹಾ ತರಿಸಿದರು. ಮಂತ್ರಿಯ ಕಚೇರಿ ಸುದ್ದಿಯನ್ನು ಮೊದಲೇ ಬರೆದು ಕಳಿಸುತ್ತದಂತೆ. ಹತ್ತು ದಿನದ ಹಿಂದೆಯೇ ಓದಿಸಿ ಟೇಪು ಮಾಡಿಟ್ಟಿದ್ದರಂತೆ. ಹಾಗಾದರೆ ನಿಲ್ಲಿಸಿ ಎಂದಿದ್ದಕ್ಕೆ, ಹಸುಗೂಸಿನ ಕೈಯಲ್ಲಿ ಬೆಂಕಿಪೆಟ್ಟಿಗೆ ಕಂಡವರಂತೆ ಬೆಚ್ಚಿದರು.

"ಇದು ಜನರ ದುಡ್ಡಿನ ಸ್ವತಂತ್ರ ಕೇಂದ್ರ, ತಾಯಿ. ಸಹಿ ಬಿದ್ದ ಸುದ್ದೀನ ಯಾರೂ ತಡೆಯೋ ಹಾಗಿಲ್ಲ. ಯಾರ ಒತ್ತಡಕ್ಕೂ ನಾವು ಬಗ್ಗಲ್ಲ." ಆಮೇಲೆ ದನಿ ತಗ್ಗಿಸಿದರು. "ಟೇಪೇ ಖಾಲಿಯಾದ್ರೆ ಬೇರೆ ಮಾತು. ಆದ್ರೆ ಅಳಿಸೋ ಯಂತ್ರ ಇರೋದು ಒಂದೇ. ಕೆಟ್ಟಿದೆ, ಸರಿಮಾಡಿ ತರ್ತೀನಿ ಅಂತ ನಿಮ್ಮೋರೇ ಮನೆಗೆ ಒಯ್ದಿದ್ರು. ಇದನ್ನ ಓದಿದ ದಿನವೇ."

ಮನೆಗೆ ಬಂದು ನೋಡಿದರೆ ಅದು ಮಂಚದ ಕೆಳಗೆ ಅವನ ಹಳೆಯ ಅಂಗಿಯಲ್ಲಿ ಸುತ್ತಿಟ್ಟಂತೆಯೇ ಇತ್ತು. ಬೀಸೋಕಲ್ಲಿನಂಥ ಭಾರ. ಎದೆಗವಚಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಮಗುವೆಂದುಕೊಂಡು ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ನಿರ್ದೇಶಕರು ಮಾತಿಗೆ ತಪ್ಪಲಿಲ್ಲ. ಸ್ವಿಚ್ಚು ಒತ್ತಿದ ಕೂಡಲೇ ಯಂತ್ರ ಗುಂಯ್ ಎಂದಿತು. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಸೇತುವೆಯ ಸುಳ್ಳು ಅವಳ ಕಣ್ಣೆದುರೇ ಅಳಿಸಿಹೋಯಿತು. ಐದು ದಿನದಲ್ಲಿ ಮೊದಲ ಬಾರಿಗೆ ಆಕೆಗೆ ಉಸಿರು ಸರಾಗವಾಯಿತು.

ಆಗ ಅವರು ಮೇಜಿನ ಖಾನೆಯಿಂದ ಇನ್ನೊಂದು ಟೇಪು ತೆಗೆದರು. ಮೇಲೆ ಗಂಡನ ಕೈಬರಹ: 'ಸೇತುವೆಯ ಬಿರುಕು. ಕಟ್ಟಿದ ಕೂಲಿಗಳು ಹೇಳಿದ್ದು.'

"ಇದನ್ನ ಅಳಿಸಿ ಅಂತ ಹತ್ತು ದಿನದಿಂದ ಮೇಲಿಂದ ಫೋನು. ಯಂತ್ರ ಇಲ್ಲ, ಯಂತ್ರ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿತ್ತು. ಪುಣ್ಯ ಕಟ್ಕೊಂಡ್ರಿ."

ಹೇಳುತ್ತಲೇ ಅದನ್ನೂ ಯಂತ್ರಕ್ಕಿಟ್ಟರು. ಆಕೆ ತಂತಿ ಹಿಡಿದು ಎಳೆಯುವಷ್ಟರಲ್ಲಿ ಗುಂಯ್ ಎಂಬ ಸದ್ದು ಮುಗಿದೇ ಹೋಗಿತ್ತು. ನಿರ್ದೇಶಕರು ಮೆಲ್ಲಗೆ ಅವಳ ಬೆರಳು ಬಿಡಿಸಿ, ಪೆನ್ನು ಕೊಟ್ಟು, ಪುಸ್ತಕ ಮುಂದಿಟ್ಟರು.

"ಯಂತ್ರ ವಾಪಸು ಬಂತು, ಚೆನ್ನಾಗಿ ನಡೀತಿದೆ ಅಂತ ಬರೆದು, ಇಲ್ಲೊಂದು ಸಹಿ ಹಾಕಿ ತಾಯಿ."