ಕಲ್ಲಿಗೆ ಮಾರ್ಕು ಕೊಡುವ ಯಂತ್ರ

"ಶಿವಗಂಗಾ, ಓಡಿ ಬಾ! ಇಂಥದ್ದು ಪ್ರಪಂಚದಲ್ಲೇ ಮೊದಲು!" ಎಂದು ಓಂಕಾರಪ್ಪ ಮೇಷ್ಟ್ರು ನಡುಮನೆಯಿಂದ ಕೂಗಿದರು.

ಶಿವಗಂಗಮ್ಮ ಬೆಳಗಿನಿಂದ ಓಡುತ್ತಲೇ ಇದ್ದರು. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ. ಕೂತರೆ ಮನಸ್ಸು ನಿಲ್ಲದು, ನಿಂತರೆ ಕಾಲು ನಿಲ್ಲದು. ಬಚ್ಚಲಲ್ಲೊಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಉಪ್ಪುನೀರು, ನೀರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಸಮುದ್ರದ ಮೀನು. ನಾಲ್ಕು ದಿನದ ಹಿಂದೆ ಗಂಡ ಅವನ್ನು ತಂದಾಗ, "ಚಿತ್ರದುರ್ಗಕ್ಕೆ ಯಾವ ಸಮುದ್ರ ಬಂತು ಅಂತ ತಂದ್ರಿ?" ಎಂದು ಜಗಳ ತೆಗೆದವರು ಇವರೇ. ಮಾರನೆಯ ದಿನ ಅವಕ್ಕೆ ಗುಂಡ, ಗುಂಡಿ ಎಂದು ಹೆಸರಿಟ್ಟವರೂ ಇವರೇ. ಈಗ ಗುಂಡಿ ನೀರಿನ ಮೇಲಕ್ಕೆ ಮೂತಿ ಹಾಕಿ ಬಾಯಿ ಬಾಯಿ ಬಿಡುತ್ತಿತ್ತು.

"ರೀ, ಗುಂಡಿ ಸಂಜೆ ತನಕ ಉಳಿಯಲ್ಲ. ದೊಡ್ಡ ಗಾಜಿನ ತೊಟ್ಟಿ ರೆಡಿ ಐತಲ್ಲ, ಬಿಡ್ರೀ!"

"ಬರೀ ನೀರಿಗೆ ಬಿಟ್ರೆ ಅಲ್ಲೂ ಇದೇ ಗತಿ ಕಣೇ. ಅವುಗಳ ಹೊಲಸೇ ಅವಕ್ಕೆ ವಿಷ. ತೂತುತೂತಾಗಿರೋ ಸುಣ್ಣದಂಶದ ಕಲ್ಲು ಬೇಕು. ತೂತಿನೊಳಗೆ ಸೂಕ್ಷ್ಮಜೀವಿ ಇರಬೇಕು. ಅವು ಹೊಲಸು ತಿಂದು ನೀರು ಚೊಕ್ಕ ಮಾಡ್ತಾವೆ."

"ಊರ ತುಂಬ ಕಲ್ಲೇ ಅಲ್ವೇನ್ರೀ!"

"ಕೋಟೆ ಬಂಡೆ ಅಪ್ಪಟ ಗ್ರಾನೈಟು. ಅದರಲ್ಲಿ ತೂತೂ ಇಲ್ಲ, ಸುಣ್ಣವೂ ಇಲ್ಲ. ಅದಕ್ಕೇ ಈ ಶಿಲಾಶೋಧಕ!"

ಶಿಲಾಶೋಧಕವನ್ನು ನೋಡಿ ಶಿವಗಂಗಮ್ಮನಿಗೆ ಮೈ ಉರಿಯಿತು. ಹೊಟ್ಟೆ ಅವರ ಕಸ ಎಳೆಯುವ ಮೆಷಿನ್ನಿನದು, ಕೈ ಅವರ ಅಡುಗೆಮನೆಯ ಇಕ್ಕಳ! ಮೂಗಿನ ಜಾಗದಲ್ಲಿ ನಿಂಬೆರಸದ ಪಿಚಕಾರಿ. ರಸ ಬಿದ್ದು ನೊರೆ ಬಂದರೆ ಸುಣ್ಣ ಇದೆಯೆಂದು ಅರ್ಥ. ಟೊಳ್ಳು ನೋಡಲು ಪುಟ್ಟ ಸುತ್ತಿಗೆ, ಒಳಗಿನ ಜೀವ ಕೇಳಲು ಡಾಕ್ಟರ ಸ್ಟೆತಸ್ಕೋಪು. ಮೇಷ್ಟ್ರು ಮೂವತ್ತು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಮಾರ್ಕು ಹಾಕಿ ನಿವೃತ್ತರಾದವರು. ಚಾಳಿ ಎಲ್ಲಿ ಹೋಗಬೇಕು? ಯಂತ್ರವೂ ಅವರ ದನಿಯಲ್ಲೇ ಮಾರ್ಕು ಕೂಗುತ್ತಿತ್ತು.

"ಹೊಟ್ಟೆಯೊಳಗೊಂದು ಮಾದರಿ ಇಟ್ಟಿದೀನಿ. ಅದಕ್ಕೆ ಎಂಬತ್ತು ಮಾರ್ಕು. ಅದನ್ನ ಮೀರಿಸೋದು ಸಿಗೋವರೆಗೂ ಇದು ನಿಲ್ಲಲ್ಲ. ನಾನು ‘ಟೈಮಾಯ್ತು’ ಅಂದ್ರೆ ಮಾತ್ರ ನಿಲ್ಲುತ್ತೆ. ಬೇರೆ ಯಾರ ಮಾತೂ ಕೇಳಲ್ಲ!"

ಎಂಥ ಮಾದರಿ ಎಂದು ಕೇಳುವಷ್ಟು ವ್ಯವಧಾನ ಶಿವಗಂಗಮ್ಮನಿಗೆ ಇರಲಿಲ್ಲ. ಅವರು ಆಗಲೇ ಬಚ್ಚಲಲ್ಲಿದ್ದರು.

ಯಂತ್ರ ಕೋಟೆ ಬಂಡೆಯ ಚೂರೊಂದಕ್ಕೆ ರಸ ಪಿಚಕ್ಕೆಂದು ಹಾರಿಸಿತು, ಕುಟ್ಟಿತು, ಕಿವಿಗೊಟ್ಟಿತು. "ನೂರಕ್ಕೆ ನಾಲ್ಕು! ಫೇಲ್!" ಎಂದು ಅದನ್ನು ಕಿಟಕಿಯಿಂದಾಚೆ ಎಸೆಯಿತು. ಒರಳುಕಲ್ಲಿಗೆ ಆರು ಮಾರ್ಕು ಕೊಟ್ಟಿತು. ಪುಣ್ಯಕ್ಕೆ ಒರಳನ್ನು ಎತ್ತಿ ಎಸೆಯುವ ಶಕ್ತಿ ಅದಕ್ಕಿರಲಿಲ್ಲ! ಆಮೇಲೆ ಹೊಸ್ತಿಲು ದಾಟಿ ಬೀದಿಗಿಳಿಯಿತು, ಹಿಂದೆಯೇ ಮೇಷ್ಟ್ರೂ ಇಳಿದರು.

ಪಕ್ಕದ ಮನೆಯ ಹಾಲಪ್ಪ ನಿವೃತ್ತ ಬಸ್ ಕಂಡಕ್ಟರು. ಹೋದ ವಾರವಷ್ಟೇ ಕಾಂಪೌಂಡಿಗೆ ಸುಣ್ಣ ಹೊಡೆಸಿದ್ದರು. ಗೋಡೆಯ ಬಿರುಕಿನಲ್ಲಿ ಇರುವೆಗಳ ದೊಡ್ಡ ಸಂಸಾರವೇ ಇತ್ತು. ಸುಣ್ಣ ನೊರೆಯಾಯಿತು, ಬಿರುಕು ಟೊಳ್ಳೆಂದಿತು, ಇರುವೆ ಸರಸರ ಎಂದವು.

"ನೂರಕ್ಕೆ ಅರವತ್ತೆರಡು! ಮರುಪರೀಕ್ಷೆ!" ಎಂದು ಯಂತ್ರ ಒಂದು ಚೂರು ಕಿತ್ತು ಕೆಡವಿ ಮುಂದಿನದಕ್ಕೆ ಇಕ್ಕಳ ಹಾಕಿತು.

"ನಿಲ್ಲಿಸ್ರೀ ಅದನ್ನ!" ಎಂದು ಶಿವಗಂಗಮ್ಮ ಬಚ್ಚಲಿಂದ ಓಡಿ ಬಂದರು.

"ಇರೇ, ಅರವತ್ತೆರಡಕ್ಕೆ ಬಂದೈತೆ!"

ಅಷ್ಟರಲ್ಲಿ ಆರಡಿ ಗೋಡೆ ಮೂರಡಿಯಾಗಿತ್ತು. ಅದರ ಹಿಂದಿನಿಂದ ಹಾಲಪ್ಪನವರ ತಲೆ ಕಾಣಿಸಿತು.

"ಏನ್ ಮೇಷ್ಟ್ರೇ, ನನ್ ಗೋಡೆ ಯಾವಾಗ ಪರೀಕ್ಷೆಗೆ ಕಟ್ಟಿತ್ತು?"

ಶಿವಗಂಗಮ್ಮ ಒಳಗೆ ಓಡಿ ಎಲೆಅಡಿಕೆ ತಟ್ಟೆ ತಂದರು. ಆ ಬೀದಿಯ ಜಗಳಗಳೆಲ್ಲ ಆ ತಟ್ಟೆಯಲ್ಲೇ ಮುಗಿಯುತ್ತಿದ್ದವು. ಬಾಯಿ ತುಂಬಿದ ಮೇಲೆ ಬೈಯುವುದು ಕಷ್ಟ ನೋಡಿ!

"ತಗಳಿ ಹಾಲಪ್ನೋರೇ, ಗೋಡೆ ಕಟ್ಟಿಸಿಕೊಡ್ತೀವಿ."

"ಮೇಷ್ಟ್ರೂ ಹಾಕ್ಕಳ್ಳಿ. ಇಲ್ದಿದ್ರೆ ರಾಜಿ ಆದಂಗಲ್ಲ," ಎಂದು ಹಾಲಪ್ಪ ಸುಣ್ಣ ಬಲವಾಗಿ ಬಳಿದು ಎಲೆ ಮಡಿಸಿ ಕೊಟ್ಟರು.

ಮೇಷ್ಟ್ರ ಕೈ ಎಡಗೆನ್ನೆಗೆ ಹೋಯಿತು. ಅಲ್ಲೊಂದು ಹುಳುಕು ಹಲ್ಲಿತ್ತು. ಡಾಕ್ಟರಿಗೆ ಹೆದರಿ ಮೂರು ತಿಂಗಳಿಂದ ಹೆಂಡತಿಯ ಕಣ್ಣು ತಪ್ಪಿಸಿ ಬಲಗಡೆಯೇ ಅಗಿಯುತ್ತಿದ್ದರು. ಈಗ ಬೇರೆ ದಾರಿಯಿರಲಿಲ್ಲ. ಬಾಯಿಗೆ ಹಾಕಿಕೊಂಡರು.

ಯಂತ್ರ ಗೋಡೆ ಬಿಟ್ಟು ಗಕ್ಕನೆ ತಿರುಗಿತು. ಪಿಚಕ್! ರಸ ಮೇಷ್ಟ್ರ ಬಾಯಿಗೇ ಬಿತ್ತು. ಸುಣ್ಣಕ್ಕೆ ಹುಳಿ ತಗುಲಿ ಕೆಂಪು ನೊರೆ ಉಕ್ಕಿತು. ಸುತ್ತಿಗೆ ಹುಳುಕು ಹಲ್ಲಿಗೆ ಬಡಿದು ಟೊಳ್ ಎಂದಿತು. ಸ್ಟೆತಸ್ಕೋಪು ಕೆನ್ನೆಗೆ ಅಂಟಿತು.

"ನೂರಕ್ಕೆ ತೊಂಬತ್ತೆಂಟು! ರ‍್ಯಾಂಕ್!"

"ಥೈಮ್... ಥೈಮಾ..." ಎಂದರು ಮೇಷ್ಟ್ರು. ಬಾಯಿ ತುಂಬ ಎಲೆಅಡಿಕೆ, ಮೇಲೆ ಇಕ್ಕಳ. ಮಾತು ಎಲ್ಲಿಂದ ಬರಬೇಕು? ಯಂತ್ರ ಎಳೆಯಿತು, ಹಾಲಪ್ಪ ಮೇಷ್ಟ್ರ ಸೊಂಟ ಹಿಡಿದು ಇತ್ತ ಎಳೆದರು. ಟಪ್ಪೆಂದು ಇಬ್ಬರೂ ಇರುವೆಗಳ ಮೇಲೆ ಕೂತರು. ಯಂತ್ರ ಹಲ್ಲು ಹಿಡಿದು ಮನೆಯೊಳಗೆ ಓಡಿ, ಅದನ್ನು ತೊಟ್ಟಿಗೆ ಹಾಕಿ, "ಫಲಿತಾಂಶ ಪ್ರಕಟ!" ಎಂದು ಹೊಟ್ಟೆ ತೆರೆದು ತಣ್ಣಗಾಯಿತು.

ಹಿಂದೆಯೇ ಓಡಿ ಬಂದ ಶಿವಗಂಗಮ್ಮ ಬಗ್ಗಿ ನೋಡಿದರು. ಹೊಟ್ಟೆಯೊಳಗೆ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಉಪ್ಪುನೀರು, ನೀರಲ್ಲಿ ತೆಂಗಿನಕಾಯಿ ಗಾತ್ರದ, ತೂತುತೂತಾದ ಕಲ್ಲು!

"ರೀ! ಇದೇನು?"

"ಮಾದರಿ," ಎಂದರು ಕೆನ್ನೆ ಹಿಡಿದುಕೊಂಡು ಒಳಗೆ ಬಂದ ಮೇಷ್ಟ್ರು. "ಸಮುದ್ರದ ಅಸಲಿ ಕಲ್ಲು. ಮೀನಿನ ಜತೆಗೇ ತಂದಿದ್ದು."

"ನಾಲ್ಕು ದಿನದಿಂದ ಇಲ್ಲೇ ಐತಾ? ಇದನ್ನೇ ತೊಟ್ಟಿಗೆ ಹಾಕೋಕೆ ಏನಾಗಿತ್ತು?"

"ಹಾಕಿದ್ರೆ ಯಂತ್ರಕ್ಕೆ ಮಾದರಿ ಎಲ್ಲಿಂದ ತರ್ಲಿ?"

ಶಿವಗಂಗಮ್ಮ ಡಬ್ಬಿಗೆ ಕೈ ಹಾಕಿದರು. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತೊಟ್ಟಿಗಿಳಿಸಿದರು. ಮೀನುಗಳನ್ನು ತಂದು ಬಿಟ್ಟರು. ಗುಂಡಿ ವಾಲಿಕೊಂಡು ತಳಕ್ಕಿಳಿಯಿತು. "ಏಳು ತಾಯಿ," ಎಂದು ಗಾಜಿಗೆ ಹಣೆ ಹಚ್ಚಿ ಕೂತರು. ಹಾಗೆ ಅವರು ಒಂದು ಕಡೆ ಕೂತದ್ದು ಅವತ್ತು ಅದೇ ಮೊದಲು. ಗುಂಡಿ ಕೊನೆಗೂ ಬಾಲ ಅಲ್ಲಾಡಿಸಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹದಿನೈದು ದಿನ ಕಳೆದಿದೆ. ಎರಡೂ ಗುಂಡಗುಂಡಗಿವೆ. ಆದರೆ ಅಷ್ಟು ಚೆಂದದ ಕಲ್ಲನ್ನು ತಿರುಗಿಯೂ ನೋಡದೆ ಹಲ್ಲಿನ ಸುತ್ತಲೇ ಕಾವಲು ತಿರುಗುತ್ತವೆ. ಹಲ್ಲು ತೆಗೆಯಲು ಹೋದ ಮೇಷ್ಟ್ರ ಬೆರಳನ್ನು ಗುಂಡಿ ಎರಡು ಸಲ ಕಚ್ಚಿದೆ.

"ಅಲ್ಲಕ್ಕಾ, ಕಲ್ಲು ಬಿಟ್ಟು ಹಲ್ಲು ಯಾಕೆ ಕಾಯ್ತಾವೆ?" ಎಂದು ಹಾಲಪ್ಪ ಕೇಳಿದರು.

ಶಿವಗಂಗಮ್ಮ ಎಲೆಗೆ ಸುಣ್ಣ ಬಳಿಯುತ್ತ ಹೇಳಿದರು: "ಮಾರ್ಕು ಜಾಸ್ತಿ ಬಂದಿದ್ದು ಅದಕ್ಕೇ ಅಲ್ವಾ?"