ಎರಡನೇ ಸಲ ಕೇಳದ ಊರು

ಎಡವಟ್ಟು ಶುರುವಾದದ್ದು ಒಂದು 'ಬೇಡ'ದಿಂದ.

ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲಿ ಕೋಟು ಬಿಚ್ಚಿ ಮೊಳೆಗೆ ತಗುಲಿಸುತ್ತಿದ್ದ ಬಡಗಿ, ಪಕ್ಕದಲ್ಲಿದ್ದ ಮೆತ್ತೆಯವನನ್ನು ನೋಡಿ, "ಸಾಯಂಕಾಲ ನಮ್ಮನೇಲಿ ಊಟ. ಹೆಂಡತಿ, ಮಕ್ಕಳು, ನಮ್ಮತ್ತೆ, ಎಲ್ಲಾ ಇರ್ತಾರೆ. ನೀನೂ ಬರ್ತೀಯಾ?" ಎಂದು ಕೇಳಿದ.

ಮೆತ್ತೆಯವನೆಂದರೆ ಹಳೇ ಕುರ್ಚಿ, ಸೋಫಾಗಳಿಗೆ ಮೆತ್ತೆ ತುಂಬಿ ಬಟ್ಟೆ ಬಿಗಿಯುವವನು. ಹೊರದೇಶದವನು. ಇಲ್ಲಿಗೆ ಬಂದು ಒಂದು ಇಡೀ ಚಳಿಗಾಲ ಕಳೆದಿದ್ದರೂ ಅವನು ಇನ್ನೊಬ್ಬರ ಮನೆಯ ಹೊಸಿಲು ದಾಟಿದ್ದು ಸೋಫಾ ಹೊತ್ತುಕೊಂಡು ಮಾತ್ರ. ಇಳಿಸಿದ ಮೇಲೆ ಮನೆಯವರು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ತನ್ನ ಕೋಣೆಯಲ್ಲಿ ಅವನು ಎಷ್ಟೋ ದಿನ ನಿಂತುಕೊಂಡೇ ಉಣ್ಣುತ್ತಿದ್ದ. ಕೂತು ಉಣ್ಣಬೇಕಾದರೆ ಎದುರಿಗೆ ಯಾರಾದರೂ ಇರಬೇಕಲ್ಲ. ಹೀಗಿರುವಾಗ ಬಡಗಿ ಕರೆದದ್ದು ಕೇಳಿ ಅವನ ಎದೆ ತುಂಬಿ ಬಂತು. ಬಾಯಿ ಮಾತ್ರ ಚಿಕ್ಕಂದಿನಿಂದ ಕಲಿತದ್ದನ್ನೇ ಹೇಳಿತು.

"ಅಯ್ಯೋ, ಬೇಡ ಬಿಡಿ. ನಿಮಗ್ಯಾಕೆ ಸುಮ್ನೆ ತೊಂದರೆ."

"ಸರಿ," ಎಂದು ಬಡಗಿ ಗರಗಸ ಎತ್ತಿಕೊಂಡು ಹೋದ.

ಸರಿ ಅಂದರೆ ಏನು ಸರಿ? ಅವನ ಊರಲ್ಲಿ ಒಂದೇ ಮಾತಿಗೆ ಹೂಂ ಎಂದವನನ್ನು ಊಟ ಕಾಣದವನು ಎನ್ನುತ್ತಾರೆ. ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲ 'ಇನ್ಯಾವಾಗಾದ್ರೂ ಬರ್ತೀನಿ' ಎನ್ನಬೇಕು. ಮೂರನೇ ಸಲ ಅವರು ರಟ್ಟೆ ಹಿಡಿದು ಎಳೆಯಬೇಕು, ಇವನು 'ನೀವು ಬಿಡೋರಲ್ಲ' ಎಂದು ಗೊಣಗುತ್ತ ಹೋಗಿ ತಟ್ಟೆ ಮುಂದೆ ಕೂರಬೇಕು. ಅವನನ್ನು ಸಾಕಿದ ಅಕ್ಕನಂತೂ, ಅಡ್ಡ ಹಿಡಿದ ಕೈ ಸರಿಸಿ ಬಡಿಸದಿದ್ದರೆ ಅದು ಊಟವೇ ಅಲ್ಲ ಎನ್ನುವವಳು. ಇಲ್ಲಿ ನೋಡಿದರೆ ಬಡಗಿ ಒಂದು ಸಲ ಕೇಳಿ ನಡೆದೇಬಿಟ್ಟ. ಬಾಕಿ ಎರಡು ಸಲ ಯಾರು ಕೇಳಬೇಕು, ಅವನ ತಾತನಾ?

'ಕೆಲಸದ ಗಡಿಬಿಡಿ, ಆಮೇಲೆ ಕೇಳ್ತಾನೆ' ಎಂದು ಮೆತ್ತೆಯವನು ಸಮಾಧಾನ ಮಾಡಿಕೊಂಡ. ಬಡಗಿಯ ಮೇಜಿನ ಸುತ್ತ ಸುಳಿದಾಡಿದ. ಬೇಡದ ಮೊಳೆ ಕೇಳಿದ, ಬೇಡದ ಅಂಟು ಕೇಳಿದ. ಬಡಗಿ ಎಲ್ಲವನ್ನೂ ಕೊಟ್ಟ. ಊಟದ ಸುದ್ದಿ ಎತ್ತಲಿಲ್ಲ. ಕೊನೆಗೆ ಮೆತ್ತೆಯವನು ಗಾಳಿಗೆ ಹೇಳುವವನಂತೆ, "ಇವತ್ತು ಅಡುಗೆ ಹೇಗೆ ಮಾಡ್ಕೋತೀನೋ. ಒಲೆ ಬೇರೆ ಕೆಟ್ಟಿದೆ," ಎಂದ. ಒಲೆಗೆ ಏನೂ ಆಗಿರಲಿಲ್ಲ.

ಬಡಗಿ ಗರಗಸ ಕೆಳಗಿಟ್ಟ. "ಮೊದ್ಲೇ ಹೇಳಬಾರದಾ? ನಡಿ, ನೋಡೇ ಬಿಡೋಣ."

ಊಟದ ಬಿಡುವಿನಲ್ಲಿ ಪಕ್ಕದ ಬೀದಿಯಲ್ಲಿದ್ದ ಅವನ ಕೋಣೆಗೆ ಇಬ್ಬರೂ ಹೋದರು. ಬಡಗಿ ಒಲೆಯ ಗುಂಡಿ ತಿರುಗಿಸಿದ ಕೂಡಲೇ ಅದು ಭಗ್ಗನೆ ಹತ್ತಿಕೊಂಡಿತು.

"ಚೆನ್ನಾಗೇ ಇದೆಯಲ್ಲೋ."

"ಒಂದೊಂದ್ಸಲ ಹೀಗೇ ನಾಟಕ ಆಡುತ್ತೆ," ಎಂದ ಮೆತ್ತೆಯವನು ನೆಲ ನೋಡುತ್ತ.

ಬಡಗಿ ಅರ್ಧಕ್ಕೆ ಬಿಡುವ ಆಸಾಮಿಯಲ್ಲ. ಒಲೆಯನ್ನು ಬುಡಮೇಲು ಮಾಡಿ, ಬಿಚ್ಚಿ, ಒರೆಸಿ, ಊದಿ, ಮತ್ತೆ ಜೋಡಿಸಿದ. ಅಂಗೈಯಲ್ಲಿ ಒಂದು ತಿರುಪು ಮಿಕ್ಕಿತು. ಆಮೇಲೆ ಎಷ್ಟು ತಿರುಗಿಸಿದರೂ ಒಲೆ ಕಮಕ್ ಕಿಮಕ್ ಅನ್ನಲಿಲ್ಲ.

"ನೀನು ಹೇಳಿದ್ದು ನಿಜ, ಪೂರ್ತಿ ಕೆಟ್ಟಿದೆ," ಎಂದ ಬಡಗಿ ತೃಪ್ತಿಯಿಂದ. "ನಾಳೆ ಸಾಮಾನು ತಂದು ಹಾಕ್ಕೊಡ್ತೀನಿ."

ಪರೋಪಕಾರ ಅಷ್ಟಕ್ಕೇ ನಿಲ್ಲಲಿಲ್ಲ. ಬಡಗಿ ಕಾರ್ಖಾನೆಗೆ ಬಂದು ಸುದ್ದಿ ಹಬ್ಬಿಸಿದ. ಕುರ್ಚಿಗಳಿಗೆ ಬಣ್ಣ ಬಳಿಯುವ ಪಾಲಿಶಿನಮ್ಮ ತನ್ನ ಡಬ್ಬಿಯ ಅರ್ಧ ಬ್ರೆಡ್ಡು ತಂದಿಟ್ಟಳು. ಕಾರ್ಖಾನೆಯ ಯಜಮಾನಿ ಒಂದು ಫ್ಲಾಸ್ಕ್ ಸೂಪು ಕಳಿಸಿದಳು. ಬಡಗಿಯೂ ತನ್ನ ಡಬ್ಬಿಯ ಬೇಯಿಸಿದ ಆಲೂಗಡ್ಡೆ ಕೊಟ್ಟುಬಿಟ್ಟ. ಉಳಿದವರೂ ತಂತಮ್ಮ ಡಬ್ಬಿ ತಂದಿಟ್ಟರು. ಹೊಲಿಗೆ ಮೇಜಿನ ಮೇಲೆ ಸೂಜಿ ಇಡಲೂ ಜಾಗ ಉಳಿಯಲಿಲ್ಲ.

"ಈಗ ಸಾಯಂಕಾಲದ ಚಿಂತೆ ಇಲ್ಲ ನಿನಗೆ," ಎಂದು ಬಡಗಿ ಬೆನ್ನು ತಟ್ಟಿದ.

ಮೆತ್ತೆಯವನಿಗೆ ಅಳು ಬಂದಂತಾಯಿತು. ಇವರೆಲ್ಲ ಒಳ್ಳೆಯವರು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

"ಯಾಕೆ ಮುಖ ಹೀಗಾಗಿದೆ?" ಎಂದು ಕೇಳಿದಳು ಪಾಲಿಶಿನಮ್ಮ. ಇಡೀ ಕಾರ್ಖಾನೆಯ ಯೋಗಕ್ಷೇಮ ಅವಳ ತಲೆಯ ಮೇಲಿತ್ತು.

ತಡೆಯಲಾಗದೆ ಅವನು ಹೇಳಿಬಿಟ್ಟ. "ನನಗೆ ಬೇಕಾಗಿದ್ದು ಊಟ ಅಲ್ಲಮ್ಮ, ನಾಲ್ಕು ಜನರ ಜೊತೆ ಕೂರೋದು. ಬೆಳಿಗ್ಗೆ ಬಡಗಿ ಕರೆದಾಗ ಬೇಡ ಅಂದೆ. ನಮ್ಮ ಕಡೆ ಹಾಗೆ ಬೇಡ ಅಂದ್ರೆ ಬೇಕು ಅಂತಲೇ ಅರ್ಥ."

ಪಾಲಿಶಿನಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಹಾಗಾ ವಿಷಯ," ಎಂದು ಬ್ರಷ್ಷು ಹಿಡಿದುಕೊಂಡೇ ಎದ್ದು ಹೋದಳು.

ಬಟ್ಟೆಯ ಸುರುಳಿಗಳ ಆ ಕಡೆ ನಿಂತಿದ್ದ ಯಜಮಾನಿಗೂ ಇದು ಕೇಳಿಸಿತ್ತು. ಅವಳು ಅವನನ್ನು ತನ್ನ ಕೋಣೆಗೆ ಕರೆದು ಕೂರಿಸಿದಳು. "ನೋಡಪ್ಪ, ಇಲ್ಲಿ ಒಂದೇ ಸಲ ಕೇಳೋದು. ಬೇಕಾದ್ರೆ ಹೂಂ ಅನ್ಬೇಕು, ಬೇಡ ಅಂದ್ರೆ ಬೇಡ ಅಂತಲೇ ತಗೋತಾರೆ. ಇವತ್ತಿಂದ ನೀನೂ ಹಾಗೇ ಮಾತಾಡು. ಆಗುತ್ತಾ?"

"ಆಗುತ್ತೆ," ಎಂದ ಅವನು. ಬೇಡ ಎನ್ನದೆ ಅವನು ಕೊಟ್ಟ ಮೊದಲ ಉತ್ತರ ಅದು.

ಉಳಿದ ಹೊತ್ತೆಲ್ಲ ಸೀಟು ಕಿತ್ತ ಕುರ್ಚಿಗಳ ಸಾಲಿನ ಮುಂದೆ ಅಭ್ಯಾಸ ನಡೆಯಿತು. "ಬರ್ತೀನಿ. ಖಂಡಿತ ಬರ್ತೀನಿ." ಮೊದಮೊದಲು ಕಳ್ಳತನ ಮಾಡಿದಂತೆ ಕಿವಿ ಬಿಸಿಯಾಗುತ್ತಿತ್ತು. ಸಂಜೆಯ ಹೊತ್ತಿಗೆ ಸಲೀಸಾಯಿತು.

ಗಂಟೆ ಹೊಡೆದ ಮೇಲೆ ಗೇಟಿನ ಹತ್ತಿರ ಬಡಗಿ ತಾನಾಗಿ ಕಾದು ನಿಂತಿದ್ದ. ಕೋಟಿನ ಗುಂಡಿ ಹಾಕಿ ಬಿಚ್ಚಿ ಮಾಡುತ್ತಿದ್ದ. "ಬೆಳಿಗ್ಗೆ ನನಗೆ ತಿಳೀಲಿಲ್ಲ. ಅದಕ್ಕೇ ಇನ್ನೊಂದ್ಸಲ ಕೇಳ್ತಿದೀನಿ. ಊಟಕ್ಕೆ ಬರ್ತೀಯಾ?"

"ಬರ್ತೀನಿ. ಖಂಡಿತ ಬರ್ತೀನಿ."

ಬಡಗಿಯ ಮುಖ ಸಪ್ಪಗಾಯಿತು. "ಆಯ್ತು. ಪಾಲಿಶಿನಮ್ಮ ನಿಮ್ಮ ಪದ್ಧತಿ ಎಲ್ಲಾ ಬಿಡಿಸಿ ಹೇಳಿದ್ಲು, ನೀವು ಆಡೋದು ತಿರುಗಾಮುರುಗಾ ಅಂತ. ಖಂಡಿತ ಬರ್ತೀನಿ ಅಂದ್ರೆ ಖಂಡಿತ ಬರಲ್ಲ ಅಂತ ತಾನೇ. ಅಷ್ಟು ಇಷ್ಟ ಇಲ್ಲ ಅಂದ್ರೆ ನಾನು ಬಲವಂತ ಮಾಡಲ್ಲ."

ಮೆತ್ತೆಯವನ ಕಾಲ ಕೆಳಗಿನ ನೆಲ ಜಾರಿತು. ತಿರುಗಾಮುರುಗಾ ಎಂದರೆ ತಿರುಗಿಸಿಯೇ ಹೇಳೋಣವೆಂದು, "ಇಲ್ಲ ಇಲ್ಲ, ನಾನು ಬರಲ್ಲ," ಎಂದು ಗಟ್ಟಿಯಾಗಿ ಹೇಳಿದ.

ಬಡಗಿಯ ಮುಖ ಅರಳಿತು. ಅಷ್ಟರಲ್ಲಿ ಬೀಗದ ಕೈ ಹಿಡಿದು ಹೊರಬಂದ ಯಜಮಾನಿಗೆ ಕೊನೆಯ ಮಾತಷ್ಟೇ ಕೇಳಿಸಿತ್ತು. "ಪಾಪ, ಬಲವಂತ ಮಾಡಬೇಡ ಅವನಿಗೆ. ಮಧ್ಯಾಹ್ನ ನಾನೇ ಕೂರಿಸಿಕೊಂಡು ಹೇಳ್ಕೊಟ್ಟಿದೀನಿ. ಈಗವನು ನಮ್ಮ ಹಾಗೇ ಮಾತಾಡ್ತಾನೆ. ಬರಲ್ಲ ಅಂದ್ರೆ ಬರಲ್ಲ ಅಂತಲೇ."

ಬಡಗಿ ಇಬ್ಬರ ಮುಖವನ್ನೂ ನೋಡಿದ. "ನಿಮ್ಮ ಲೆಕ್ಕದಲ್ಲೂ ಬೇಡ ಅಂದೆ, ನಮ್ಮ ಲೆಕ್ಕದಲ್ಲೂ ಬೇಡ ಅಂದೆ. ಇನ್ಯಾವ ಲೆಕ್ಕದಲ್ಲಿ ಕೇಳ್ಲಪ್ಪ ನಾನು?" ಎಂದು ಬಂದ ಬಸ್ಸು ಹತ್ತಿ ಹೋಗಿಬಿಟ್ಟ. ಕಿಟಕಿಯಿಂದ ತಿರುಗಿಯೂ ನೋಡಲಿಲ್ಲ. ಪಾಪ, ಅವನಿಗೂ ಮನಸ್ಸಿಗೆ ನೋವಾಗಿತ್ತು.

ಮೆತ್ತೆಯವನು ಊಟದ ಡಬ್ಬಿಗಳನ್ನೆಲ್ಲ ಹೊತ್ತು ಕೋಣೆ ಸೇರಿದ. ಇಡೀ ಮನೆಮಂದಿಗೆ ಸಾಲುವಷ್ಟು ಊಟವಿತ್ತು. ಬಿಸಿ ಮಾಡಲು ಒಲೆ ಇರಲಿಲ್ಲ. ಗೋಡೆಯಾಚೆ ಯಾರದೋ ಮನೆಯಲ್ಲಿ ತಟ್ಟೆಗಳ ಸದ್ದು, ಮಾತು, ನಗು. ಅವನು ನಿಂತುಕೊಂಡೇ ತಣ್ಣನೆಯ ಆಲೂಗಡ್ಡೆ ಕಚ್ಚಿದ.

ಫೋನ್ ಬಡಿದುಕೊಂಡಿತು. ಅಕ್ಕ.

"ಊಟ ಆಯ್ತೇನೋ?"

"ಆಯ್ತಕ್ಕ," ಎಂದ. ಬಾಯಲ್ಲಿದ್ದುದನ್ನು ನುಂಗಿಕೊಂಡು ಮುಂದುವರಿಸಿದ. "ಇವತ್ತು ನಮ್ಮ ಬಡಗಿ ಮನೇಲಿ. ಬೇಡ ಬೇಡ ಅಂದ್ರೂ ಕೇಳ್ಲಿಲ್ಲ, ಕೈ ಹಿಡ್ಕೊಂಡು ಎಳ್ಕೊಂಡು ಹೋದ್ರು. ಅವರತ್ತೆ ಬಡಿಸಿದ್ದೇ ಬಡಿಸಿದ್ದು."

"ಎಷ್ಟು ಒಳ್ಳೆ ಜನ," ಅಕ್ಕನ ದನಿ ತುಂಬಿ ಬಂತು. "ನೀನು ಅಲ್ಲಿ ಒಬ್ಬನೇ ಅಂತ ಕೊರಗ್ತಿದ್ದೆ. ಈಗ ನೆಮ್ಮದಿ ಆಯ್ತು ನೋಡು. ಆದ್ರೆ ಒಂದು ಮಾತು. ನಾಳೆ ಮತ್ತೆ ಕರೆದ್ರೆ ತಕ್ಷಣ ಹೂಂ ಅಂದ್ಬಿಡಬೇಡ ಕಣೋ. ನೋಡಿದವರು ಏನಂದ್ಕೋತಾರೆ."

"ಇಲ್ಲಕ್ಕ," ಎಂದ ಅವನು. "ಅನ್ನಲ್ಲ."