ಕೆಂಚನ ಕುಂಟುಕಾಲು

ಎಲ್ಲ ಶುರುವಾಗಿದ್ದು ಒಂದು ಮೊಳ ಬ್ಯಾಂಡೇಜ್ ಬಟ್ಟೆಯಿಂದ.

ದೇಶದ ರಾಜಧಾನಿಯಲ್ಲಿ, ಪೀತಮ್‌ಪುರದ ಫ್ಲ್ಯಾಟಿನಲ್ಲಿದ್ದ ಚಂದ್ರಮೋಹನರ ಹೆಂಡತಿ ರತ್ನಪ್ರಭಾ ಒಂದು ವ್ರತ ಹಿಡಿದಿದ್ದರು. ಬೀದಿಯಲ್ಲಿ ಗತಿಯಿಲ್ಲದೆ ಸಿಕ್ಕ ನಾಯಿಗಳನ್ನು ಮನೆಗೆ ತಂದು, ಮೀಯಿಸಿ, ಉಣ್ಣಿಸಿ, ಯಾರಾದರೂ ದತ್ತು ಒಯ್ಯುವವರೆಗೆ ಸಾಕುವುದು. ಆಮೇಲೆ ಕಣ್ಣೊರೆಸಿಕೊಂಡು ಕೊಟ್ಟುಬಿಡುವುದು. "ನಮ್ಮದು ತವರುಮನೆ ಇದ್ದ ಹಾಗೆ ಕಣ್ರೀ. ಒಂದು ಹೋದ್ರೆ ತಾನೇ ಇನ್ನೊಂದಕ್ಕೆ ಜಾಗ?" ಅನ್ನುವುದು ಅವರ ವಾದ.

ಇಷ್ಟು ದಿನ ಚಂದ್ರಮೋಹನರೂ ತಕರಾರು ತೆಗೆದಿರಲಿಲ್ಲ. ಕೆಂಚನೆಂಬ ನಾಯಿ ಬಂದ ಮೇಲೆ ಮಾತ್ರ ಕತೆಯೇ ಬೇರೆಯಾಯಿತು. ದಿನವಿಡೀ ಸರ್ಕಾರಿ ಕಚೇರಿಯಲ್ಲಿ ಹಿಂದಿ ಮಾತಾಡಿ ನಾಲಿಗೆ ಸವೆಸಿಕೊಂಡು ಮನೆಗೆ ಬಂದು ಹುಟ್ಟೂರಿನ ಮಾತು ತೆಗೆದರೆ, ಮಗ ಅನೂಪ, "ಪಪ್ಪಾ, ಫಿರ್ ಸೇ ಚಿತ್ರದುರ್ಗ?" ಅಂತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದ. ಕೆಂಚ ಹಾಗಲ್ಲ. ಚಳಿಗಾಲದ ಎಳೆಬಿಸಿಲಿಗೆ ಬಾಲ್ಕನಿಯಲ್ಲಿ ಕೂತು ಇವರು ಹಳೇ ಓಣಿ, ಗೋಲಿಯಾಟ, ಅಮ್ಮ ಸಂಜೆ ಕಲಸಿಕೊಡುತ್ತಿದ್ದ ಮಂಡಕ್ಕಿ ಎಲ್ಲ ವರ್ಣಿಸುತ್ತಿದ್ದರೆ ತಲೆ ವಾಲಿಸಿಕೊಂಡು ಕೇಳುತ್ತಿತ್ತು. ಮೆಣಸಿನಕಾಯಿ ಬೋಂಡದ ಭಾಗ ಬಂದಾಗ ಬಾಲವನ್ನೂ ಆಡಿಸುತ್ತಿತ್ತು. ಇಂಥ ಕೇಳುಗನನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?

ಆ ಭಾನುವಾರ ಬೆಳಿಗ್ಗೆ ರತ್ನಪ್ರಭಾ ಬಾಂಬು ಹಾಕಿದರು.

"ರೀ, ಇನ್ನೊಂದು ಗಂಟೇಲಿ ಗುರುಗ್ರಾಮದಿಂದ ಕೆಂಚನ್ನ ನೋಡಕ್ಕೆ ಬರ್ತಿದಾರೆ. ನಮ್ಮ ಕಡೆಯವರೇ, ಗಂಡ ಹೆಂಡತಿ. ಒಪ್ಪಿದ್ರೆ ಇವತ್ತೇ ಕರ್ಕೊಂಡು ಹೋಗ್ತಾರಂತೆ."

ಹೇಳಿದವರೇ ಉಪ್ಪಿಟ್ಟಿಗೆ ರವೆ ಹುರಿಯಲು ಹೋದರು. ಆ ಘಮ ಮೂಗಿಗೆ ಬಡಿದದ್ದೇ ಚಂದ್ರಮೋಹನರಿಗೆ ಅಕ್ಕ ಇಂದಿರಾ ನೆನಪಾದಳು. ಇಷ್ಟವಿಲ್ಲದ ಗಂಡು ನೋಡಲು ಬಂದಾಗ ಅವಳು ಕಾಫಿ ತಟ್ಟೆ ಹಿಡಿದು ಬೇಕೆಂದೇ ಕುಂಟಿಕೊಂಡು ಬಂದಿದ್ದಳು. ಗಂಡಿನ ಕಡೆಯವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಬಾಗಿಲ ಸಂದಿಯಲ್ಲಿ ನಿಂತು ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕಿದ್ದು ಇವರೇ. ಅಯ್ಯೋ, ಎಂಥ ದಿನಗಳವು! ಆ ಮನೆಯಲ್ಲಿ ನಗೋದಕ್ಕೆ ಕಾರಣವೇ ಬೇಕಿರಲಿಲ್ಲ.

ರತ್ನಪ್ರಭಾ ಕೊತ್ತಂಬರಿ ತರಲು ಕೆಳಗಿಳಿದದ್ದೇ ತಡ, ಚಂದ್ರಮೋಹನರು ಕೆಂಚನ ಬಲ ಮುಂಗಾಲಿಗೆ ದಪ್ಪಗೆ ಬ್ಯಾಂಡೇಜ್ ಸುತ್ತಿದರು. ಕೆಂಚ ಕಾಲೆತ್ತಿಕೊಂಡು ಮೂರೇ ಕಾಲಲ್ಲಿ ಕುಪ್ಪಳಿಸಿತು.

ಎದುರು ಬಾಲ್ಕನಿಯ ಪಮ್ಮಿ ಭಾಭಿ ಇದನ್ನು ಕಂಡು ಮರುಗಿದರು.

"ಹಾಯ್ ರಬ್ಬಾ! ಬೇಚಾರೇ ಕೋ ಕ್ಯಾ ಹೋ ಗಯಾ?"

ಎರಡು ನಿಮಿಷಕ್ಕೆ ಪನೀರಿನ ಬಟ್ಟಲು ಸಮೇತ ಹಾಜರ್. ಹಿಂದೆಯೇ ಮೇಲಿನ ಮನೆಯ ಗುಪ್ತಾಜಿ, ಬಿಸಿಬಿಸಿ ಹಾಲು ಹಿಡಿದುಕೊಂಡು. ಕೆಂಚ ಕಾಲೆತ್ತಿದಾಗಲೆಲ್ಲ "ಬೇಚಾರಾ" ಅಂತ ಒಂದು ತುಂಡು ಪನೀರು ಬಾಯಿಗೆ. ಹೀಗೆ ನಡೆಯಿತು ಸೇವೆ.

ರತ್ನಪ್ರಭಾ ಬಂದವರು ಗಾಬರಿಯಾದರು. "ಇದೇನ್ರೀ ಇದು!"

"ಮೆಟ್ಟಿಲ ಮೇಲೆ ಜಾರಿಬಿಡ್ತು ಕಣೆ" ಎಂದರು ಚಂದ್ರಮೋಹನರು, ಎಲ್ಲೋ ನೋಡುತ್ತಾ.

"ಹಾಂ ಜೀ, ಮೈನೇ ಅಪನೀ ಆಂಖೋಂ ಸೇ ದೇಖಾ!" ಎಂದು ಪಮ್ಮಿ ಭಾಭಿ ಕಣ್ಣಾರೆ ಕಂಡವರಂತೆ ಸಾಕ್ಷಿ ನುಡಿದೇಬಿಟ್ಟರು. ಪುಣ್ಯಾತ್ಗಿತ್ತಿ ಏನೂ ನೋಡಿರಲಿಲ್ಲ.

ಅಷ್ಟರಲ್ಲಿ ಕಾಲಿಂಗ್ ಬೆಲ್. ಗುರುಗ್ರಾಮದ ಧನುಷ್, ಪ್ರೇರಣಾ ಒಳಗೆ ಬಂದರು. ಕೆಂಚ ಕುಂಟಿಕೊಂಡು ಎದುರು ಹೋಯಿತು. ರತ್ನಪ್ರಭಾ ಎಲ್ಲರಿಗೂ ಉಪ್ಪಿಟ್ಟು ಕೊಟ್ಟರು. ಇನ್ನೇನು ಬಂದವರು ಎದ್ದು ಹೊರಡುತ್ತಾರೆ ಅಂತ ಚಂದ್ರಮೋಹನರು ಸೋಫಾದ ಅಂಚಿಗೆ ಸರಿದು ಕೂತರು.

ಪ್ರೇರಣಾಳ ಕಣ್ಣು ತುಂಬಿಕೊಂಡಿತು. "ಧನುಷ್, ಇವ್ನೇ! ಚೆನ್ನಾಗಿರೋ ನಾಯೀನ ಯಾರು ಬೇಕಾದ್ರೂ ತಗೋತಾರೆ. ಇಂಥವನಿಗೆ ನಾವಲ್ದೆ ಇನ್ಯಾರಿದಾರೆ?"

ಚಂದ್ರಮೋಹನರ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ನೆಲಕ್ಕೆ ಬಿತ್ತು.

"ಅಯ್ಯೋ, ಅವನ ಕಾಲಿಗೆ ಏನೂ ಆಗಿಲ್ಲಮ್ಮ! ನಾನೇ ಸುಮ್ನೆ ಕಟ್ಟಿದ್ದು. ನೋಡಿ ಬೇಕಾದ್ರೆ!" ಮರ್ಯಾದೆ ಹೋದರೂ ಹೋಗಲಿ ಅಂತ ಬ್ಯಾಂಡೇಜ್ ಬಿಚ್ಚಿ ಎಸೆದರು. "ಓಡೋ ಕೆಂಚ, ಓಡು! ನನ್ನಪ್ಪ ಅಲ್ವಾ?"

ಕೆಂಚ ಎಲ್ಲರ ಮುಖ ನೋಡಿತು. ಪಮ್ಮಿ ಭಾಭಿಯ ಕೈಯಲ್ಲಿದ್ದ ಬಟ್ಟಲನ್ನೂ ನೋಡಿತು. ನಿಧಾನವಾಗಿ ಕಾಲೆತ್ತಿ ಕುಂಟತೊಡಗಿತು. ಎತ್ತಿದ್ದು ಎಡಗಾಲು.

"ಅಯ್ಯೋ ಪಾಪ, ನೋವು ಆ ಕಾಲಿಗೂ ಹಬ್ಬಿದೆ!" ಎಂದು ಪ್ರೇರಣಾ ಅದನ್ನು ತಬ್ಬಿಕೊಂಡಳು.

ರತ್ನಪ್ರಭಾ ಗಂಡನ ಕಿವಿಯ ಹತ್ತಿರ ಬಂದು, "ಕಳಿಸಕ್ಕೆ ಮನಸ್ಸಿಲ್ಲ ಅಂತ ಮೂಕಪ್ರಾಣಿ ನೋವನ್ನ ಮುಚ್ಚಿಡ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಪಿಸುಗುಟ್ಟಿದರು.

ಧನುಷ್ ಕೆಂಚನನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದ. ಕಾರು ಗೇಟು ದಾಟಿತು. ಬಾಲ್ಕನಿಯಲ್ಲಿ ಇನ್ನೂ ಬಿಸಿಲಿತ್ತು. ಚಂದ್ರಮೋಹನರು ಕಾರು ಹೋದ ದಿಕ್ಕನ್ನೇ ನೋಡುತ್ತಾ ಕಂಬಿ ಹಿಡಿದು ನಿಂತರು. ಅಕ್ಕನನ್ನು ಗಂಡನ ಮನೆಗೆ ಕಳಿಸಿದ ದಿನವೂ ಹೀಗೇ ನಿಂತಿದ್ದರು.

ಸಂಜೆ ಫೋನು ಬಂತು. ಪ್ರೇರಣಾ.

"ಅಂಕಲ್, ಪವಾಡ! ಮನೆಗೆ ಬಂದ ಅರ್ಧ ಗಂಟೇಲಿ ನಾಲ್ಕೂ ಕಾಲಲ್ಲಿ ಓಡಾಡ್ತಿದಾನೆ! ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ. ನಾಯಿಗಳಿಗೆ ಔಷಧಿಗಿಂತ ಪ್ರೀತಿ ಮುಖ್ಯ ಅಂಕಲ್. ಮುಂದೆ ಬರೋ ನಾಯಿ ಹತ್ರ ನೀವು ದಿನಾ ಸ್ವಲ್ಪ ಹೊತ್ತು ಕೂತ್ಕೊಂಡು ಮಾತಾಡಿ."

"ಆಗಲಮ್ಮ, ಮಾತಾಡ್ತೀನಿ" ಎಂದು ಚಂದ್ರಮೋಹನರು ಫೋನಿಟ್ಟರು.